ಸಂಗೀತ: ಡಿ. ಗಿರಿ

ದಸ್ತಗೀರ ಅಂತ ಬರೆದರೆ ಪೋಸ್ಟರಿಗೆ ಉದ್ದವಾಗುತ್ತದೆ
ಅಂದರಂತೆ ನಿರ್ಮಾಪಕರು.
ಮಾವ ಹೆಸರನ್ನು ನಡುವೆ ಮುರಿದುಕೊಟ್ಟ.
ನಮ್ಮ ಮಂಡಿಪೇಟೆಯಲ್ಲಿ ಗಿರಿ ಯಾರೆಂದು ಯಾರಿಗೂ ಗೊತ್ತಿಲ್ಲ;
ಪಿಂಜಾರ ಬುಡೇನಜ್ಜನ ಮೂರನೇ ಮಗ ಅಂದರೆ
ಈಗಲೂ ಒಬ್ಬಿಬ್ಬರು ಹೂಂಗುಡುತ್ತಾರೆ:
"ಬ್ಯಾಂಡ್ ಸೆಟ್ಟಿನಾಗ ಕ್ಲಾರಿನೆಟ್ ಊದ್ತಿದ್ದ,
ಕೆಂಪು ಕೋಟು, ಒಂದು ಗುಂಡಿ ಇರಲಿಲ್ಲ."

ಆ ಮನೆಯಲ್ಲಿ ಬೇರೆ ವಾದ್ಯ ಇರಲಿಲ್ಲ.
ಸೂರಿಗೆ ತೂಗುಬಿಟ್ಟ ಬಿಲ್ಲು, ಕರುಳಿನ ತಂತಿ.
ಅಜ್ಜ ಕೊಡತಿಯಲ್ಲಿ ಬಡಿದರೆ ಢಂಯ್ ಅಂತ ಎದ್ದು
ಹತ್ತಿ ಹೊಗೆಯಾಗಿ ಕೂರುವುದು
ಹುಬ್ಬಿನ ಮೇಲೆ, ರೊಟ್ಟಿಯ ಮೇಲೆ.
ಮೋಡ ಕವಿದ ದಿನ ತಂತಿ ಇಳಿಯುವುದು.
ಆಗ ಅದನ್ನು ಒಲೆಯ ಹತ್ತಿರ ಹಿಡಿದು ಕಿವಿಕೊಟ್ಟು ಕಾಯುತ್ತಿದ್ದ.
ಶ್ರುತಿ ಅನ್ನುವ ಮಾತು ಅವನಿಗೆ ಗೊತ್ತಿರಲಿಲ್ಲ.
"ಇನ್ನೂ ನಿದ್ದೀಲಿ ಐತಿ, ಏಳ್ಲಿ ತಡಿ" ಅನ್ನುತ್ತಿದ್ದ.

ಮದ್ರಾಸಿನಲ್ಲಿ ಒಂಬತ್ತು ವರ್ಷ
ಮಾವ ಬೇರೆಯವರ ಸ್ವರ ನಕಲು ಮಾಡಿದ, ಪುಟಕ್ಕೆ ಎಂಟಾಣೆ.
ಆಮೇಲೆ ಬೇರೆಯವರ ಹೆಸರಿನ ಚಿತ್ರಗಳಿಗೆ ಕೈ ಬೀಸಿದ.
ಗಾಜಿನಾಚೆ ಸಂಗೀತ ನಿರ್ದೇಶಕರು ಕಾಫಿ ಕುಡಿಯುವಾಗ
ನಲವತ್ತು ಪಿಟೀಲಿನ ಉಸಿರು ಹಿಡಿಸಿ ಬಿಡಿಸುವ ಕೆಲಸ.
ಅವ್ವನಿಗೆ ಬರೆದ ಕಾರ್ಡು ನನ್ನ ಹತ್ತಿರ ಇದೆ:
"ಅಕ್ಕಾ, ನಾನೀಗ ಊದುವುದೂ ಇಲ್ಲ, ಬಾರಿಸುವುದೂ ಇಲ್ಲ.
ಗಾಳಿ ಬಡಿಯುತ್ತೇನೆ. ಅಪ್ಪ ಹತ್ತಿಯನ್ನಾದರೂ ಬಡಿಯುತ್ತಾನೆ."

ತನ್ನದೇ ಹೆಸರಲ್ಲಿ ಸಿಕ್ಕಿದ್ದು ಐದು.
ಎರಡು ಡಬ್ಬದಲ್ಲೇ ಉಳಿದವು.
ಒಂದು ನೂರು ದಿನ ಓಡಿತು, ಹಾಡಿನಿಂದಲ್ಲ,
ಅದರಲ್ಲಿದ್ದ ನಾಯಿಯಿಂದ.

ನಾಲ್ಕನೆಯದಕ್ಕೆ ಅಜ್ಜನನ್ನು ಕರೆಸಿದ.
ರೈಲಿನಲ್ಲಿ ಬಿಲ್ಲಿಗೂ ಟಿಕೆಟ್ಟು ಕೇಳಿದರಂತೆ.
ಗೋದಾಮಿನಲ್ಲಿ ಒಬ್ಬ ರಾತ್ರಿಯಿಡೀ ಅವಿತಿರುವ ದೃಶ್ಯ,
ಮೂರು ನಿಮಿಷ, ಮಾತಿಲ್ಲ.
ಮಾವ ಕೈ ಎತ್ತಿದ, ಇಳಿಸಿದ. ಅಜ್ಜ ನೋಡಲೇ ಇಲ್ಲ.
"ಹತ್ತಿ ಎಲ್ಲಿ?" ಅಂದ. "ಬರೇ ತಂತಿ ಬಡಿದ್ರೆ
ಏನು ಕೇಳ್ತೈತಿ, ಹುಚ್ಚಪ್ಪಾ?"
ಕಾವಲುಗಾರನ ದಿಂಬು ಹರಿದು ತಂದರು.
ಬಿಳಿ ಎದ್ದಿತು. ಚೆಲ್ಲೋದವರು ಸೀನಿ ಎರಡು ಟೇಕು ಹಾಳು.
ಮೂರನೆಯದರಲ್ಲಿ ಮಾವ ಕಾಗದ ಬಿಟ್ಟು
ಅಜ್ಜನ ಹೆಗಲು ನೋಡತೊಡಗಿದ,
ಅದು ಏರಿದರೆ ಏರಿಸಿ, ನಿಂತರೆ ನಿಲ್ಲಿಸಿ
ಇಡೀ ಮೇಳವನ್ನು ಆ ಹೆಗಲ ಹಿಂದೆ ನಡೆಸಿಕೊಂಡು ಹೋದ.

ಚಿತ್ರ ದಾವಣಗೆರೆಗೆ ಬಂದಾಗ ನನಗೆ ಎಂಟು ವರ್ಷ.
ಮಿಲ್ಲಿನ ರಾತ್ರಿ ಪಾಳಿಯ ಕೂಗಿಗೆ ಮೊದಲು ಆಟ ಬಿಡಬೇಕೆಂದು
ಟಾಕೀಸಿನವರು ಮಾತಿಲ್ಲದ ಜಾಗಗಳನ್ನೆಲ್ಲ ಕತ್ತರಿಸಿದ್ದರು.
ಉಳಿದದ್ದು ಎರಡು ಏಟು.
ಢಂಯ್.
ಢಂಯ್. ಅಷ್ಟರಲ್ಲಿ ಬಾಗಿಲು ಒಡೆದು ಪೊಲೀಸರು.
ಅಜ್ಜ ಬೆಂಚಿನಿಂದ ಎದ್ದು ಟವೆಲ್ಲು ಕೊಡವಿದ.
"ಎರಡಾದ್ರೂ ಬಿಟ್ಟಾರಲ್ಲ" ಅಂದ.
ಹೊರಗೆ ಮಂಡಕ್ಕಿ, ಮಿರ್ಚಿ ಕೊಡಿಸಿದ; ತಾನು ತಿನ್ನಲಿಲ್ಲ.

ಆಮೇಲೆ ಕೀಬೋರ್ಡು ಬಂತು.
ನಲವತ್ತು ಜನ ಮಡಚಿ ಒಂದು ಮೇಜಿನ ಮೇಲೆ ಹಿಡಿಸಿದರು.
ಮಾವ ಊರಿಗೆ ಬರಲಿಲ್ಲ. ಯಾಕೆಂದು ನಾವೂ ಕೇಳಲಿಲ್ಲ.

ನನ್ನದೀಗ ಹಾಸಿಗೆ ಅಂಗಡಿ: ಮೋಟಾರು, ಬೆಲ್ಟು, ಹಲ್ಲಿನ ಉರುಳೆ.
ಬಿಲ್ಲು ಅಟ್ಟದ ಮೇಲಿದೆ, ತಂತಿ ಇಲಿಯ ಪಾಲಾಯಿತು.
ಹೋದ ವರ್ಷ ರಂಜಾನಿನ ಹಿಂದಿನ ದಿನ ಫೋನು ಬಂತು.
ಸಕ್ಕರೆ, ಕಣ್ಣಿನ ಪೊರೆ, ಮನೆ ಬಾಡಿಗೆ
ಎಂದು ಹೇಳುತ್ತಿದ್ದವನು ತಟ್ಟನೆ ಸುಮ್ಮನಾದ.
ಕೇಳುತ್ತಿದ್ದ. ನನ್ನನ್ನಲ್ಲ.
"ಮಶೀನಿನ ಬೆಲ್ಟು ಸಡಿಲ ಆಗೈತಿ ನೋಡು," ಅಂದ,
"ಅರ್ಧ ಸ್ವರ ಇಳಿದೈತಿ."

ನಕ್ಕೆ. ಫೋನಿಟ್ಟು ಸ್ಪ್ಯಾನರ್ ತಗೊಂಡು
ಎರಡು ಸುತ್ತು ಬಿಗಿ ಮಾಡಿದೆ.
ಈಗ ಸರಿಯಾಗಿದೆಯೋ, ಇನ್ನೂ ನಿದ್ದೆಯಲ್ಲಿದೆಯೋ
ನನಗೆ ಗೊತ್ತಾಗುವುದಿಲ್ಲ.